ಗೆರೆ ಕರಗಿದ ಕಾಡಿನಲ್ಲಿ ಐದು ದಿನ

ಮೊದಲ ದಿನ, ಬುಧವಾರ: ಪ್ಯಾರಿಸ್

ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಚಿತ್ರಕಲಾ ಶಿಕ್ಷಕನಾಗಿದ್ದ ನಾನು, ಮಕ್ಕಳಿಗೆ ಮರ ಬರೆಯುವುದನ್ನು ಕಲಿಸುವಾಗಲೆಲ್ಲ ಮೊದಲು ಅದರ ಹೊರಗೆರೆಯನ್ನೇ ಹಾಕಿಸುತ್ತಿದ್ದೆ. ಕಾಂಡಕ್ಕೆ ಎರಡು ಗೆರೆ, ಕೊಂಬೆಗೆ ಎರಡು ಗೆರೆ, ಎಲೆಗಳ ಗುಂಪಿಗೆ ಅಂಕುಡೊಂಕಾದ ಒಂದು ಸುತ್ತುಗೆರೆ. ನೆರಳಿನ ಸರದಿ ಕೊನೆಗೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ನಿಸರ್ಗ ರೇಖಾಚಿತ್ರಗಳ ಮುದ್ರಿತ ಪ್ರತಿಗಳನ್ನು ನೋಡತೊಡಗಿದ ಮೇಲೆ ಈ ಕ್ರಮದ ಬಗ್ಗೆ ನನ್ನಲ್ಲಿ ಸಂಶಯ ಹುಟ್ಟಿತು. ಶತಮಾನದ ಆರಂಭದ ಹಾಳೆಗಳಲ್ಲಿ ಸೂಜಿಯಿಂದ ಕೊರೆದಂತಹ ಗೆರೆಗಳಿವೆ. ಮುಕ್ಕಾಲು ಶತಮಾನ ಕಳೆಯುವ ಹೊತ್ತಿಗೆ, ಕೆಲವೊಮ್ಮೆ ಅದೇ ಕಲಾವಿದನ ಕೈಯಲ್ಲಿಯೇ, ಗೆರೆ ಮಾಯವಾಗಿ ಹೊಗೆಯಂತಹ ಛಾಯೆ ಮಾತ್ರ ಉಳಿಯುತ್ತದೆ. ನಡುವೆ ಏನಾಯಿತು ಎಂಬುದನ್ನು ಮೂಲ ಹಾಳೆಗಳ ಎದುರು ಕುಳಿತು, ಆಮೇಲೆ ಅವು ಹುಟ್ಟಿದ ಕಾಡಿನಲ್ಲಿ ನಿಂತು ನೋಡಬೇಕೆಂಬ ಆಸೆಯಿಂದಲೇ ನಾನು ಅಕ್ಟೋಬರ್ ತಿಂಗಳಲ್ಲಿ ಪ್ಯಾರಿಸ್ಸಿಗೆ ಬಂದೆ.

ಲೂವ್ರ್ ವಸ್ತುಸಂಗ್ರಹಾಲಯದ ರೇಖಾಚಿತ್ರ ವಿಭಾಗದ ಅಧ್ಯಯನ ಕೊಠಡಿಯು ಫ್ಲೋರ್ ಮಂಟಪವೆಂದು ಕರೆಯುವ ಕಟ್ಟಡದಲ್ಲಿದೆ. ಮುಂಚಿತವಾಗಿ ಪತ್ರ ಬರೆದು ಸಮಯ ಕಾಯ್ದಿರಿಸಿಕೊಂಡವರಿಗೆ ಮಾತ್ರ ಅಲ್ಲಿ ಪ್ರವೇಶ. ಇಲ್ಲಿಯೇ ಓದುತ್ತಿರುವ ತಮ್ಮನ ಮಗಳು ನನ್ನ ಪರವಾಗಿ ಆ ಪತ್ರವ್ಯವಹಾರ ನಡೆಸಿದ್ದಳು. ಬಾಗಿಲ ಬಳಿ ನನ್ನ ಅಂಗಿಯ ಕಿಸೆಯನ್ನು ನೋಡಿ, "ದೊಡ್ಡಪ್ಪಾ, ಆ ಪೆನ್ನು ಇಲ್ಲೇ ಕೊಡ್ರಿ. ಒಳಗ ಬರೇ ಪೆನ್ಸಿಲ್ ನಡೀತದ" ಎಂದು ಎಚ್ಚರಿಸಿದಳು. ಶಾಯಿಯ ಒಂದು ಹನಿ ಬಿದ್ದರೂ ತಿದ್ದಲಾಗದ ಹಾನಿಯಾಗುವ ಜಾಗದಲ್ಲಿ ಈ ನಿಯಮ ನನಗೆ ತುಂಬ ಸರಿಯೆನಿಸಿತು.

ನಾನು ಕೇಳಿಕೊಂಡಿದ್ದ ಹಾಳೆಗಳಲ್ಲಿ ಮೊದಲು ಬಂದವು ಕಮೀಯ್ ಕೊರೋ ಇಟಲಿಯಲ್ಲಿ ಬರೆದವು. 1796ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಕೊರೋ 1825ರಿಂದ 1828ರವರೆಗೆ ಇಟಲಿಯಲ್ಲಿದ್ದ. ರೋಮಿನ ಉತ್ತರಕ್ಕಿರುವ ಚಿವಿತಾ ಕಾಸ್ಟೆಲ್ಲಾನಾ ಊರಿನ ಸುತ್ತಲ ಕಂದರಗಳಲ್ಲಿ 1826 ಮತ್ತು 1827ರಲ್ಲಿ ತಿಂಗಳುಗಟ್ಟಲೆ ಕುಳಿತು ಬಂಡೆ ಮತ್ತು ಮರಗಳನ್ನು ಬರೆದ. ಮೊದಲು ಪೆನ್ಸಿಲ್, ಅದರ ಮೇಲೆ ಅಲ್ಲಲ್ಲಿ ಲೇಖನಿಯ ಕಂದು ಶಾಯಿ. ಬಂಡೆಯ ಒಂದೊಂದು ಬಿರುಕಿಗೂ ಒಂದು ಗೆರೆಯಿದೆ. ಬೇರು ಕಲ್ಲನ್ನು ಹಿಡಿದಿರುವ ಜಾಗದಲ್ಲಿ ಗೆರೆ ದಪ್ಪವಾಗುತ್ತದೆ, ಬಿಸಿಲು ಬಿದ್ದ ಅಂಚಿನಲ್ಲಿ ತೆಳ್ಳಗಾಗಿ ಕಡಿದುಹೋಗುತ್ತದೆ. ನೆರಳನ್ನು ಉಜ್ಜಿ ತುಂಬಿಲ್ಲ, ಒಂದೇ ಓಟದ ಸಮಾನಾಂತರ ಗೆರೆಗಳಿಂದ ತುಂಬಿದ್ದಾನೆ. ಅರ್ಧ ಹಾಳೆ ಖಾಲಿಯೇ ಉಳಿದಿದೆ.

ಇಂತಹ ಗೆರೆಯ ಹಿಂದೆ ಒಂದು ಶಿಕ್ಷಣಕ್ರಮವಿತ್ತು. ಫ್ರಾನ್ಸಿನ ಕಲಾ ಅಕಾಡೆಮಿ ನಿಸರ್ಗಚಿತ್ರವನ್ನು ಬಹುಕಾಲ ಕೆಳದರ್ಜೆಯ ಪ್ರಕಾರವೆಂದೇ ಎಣಿಸಿತ್ತು. ಕಲಾವಿದರು ಬಯಲಿಗೆ ಹೋಗಿ ನೋಡಿ ಬರೆಯಬೇಕೆಂದು ಪಿಯೇರ್-ಆನ್ರಿ ದ ವಾಲಾಂಸಿಯೆನ್ ಒತ್ತಿ ಹೇಳಿದ ಮೇಲೆ, 1816ರಲ್ಲಿ ಐತಿಹಾಸಿಕ ನಿಸರ್ಗಚಿತ್ರಕ್ಕೆಂದೇ, ಗೆದ್ದವರನ್ನು ಕಲಿಯಲು ರೋಮಿಗೆ ಕಳುಹಿಸುವ ರೋಮ್ ಬಹುಮಾನದ ಒಂದು ವಿಭಾಗ ಆರಂಭವಾಯಿತು. 1817ರಲ್ಲಿ ಅದನ್ನು ಮೊದಲು ಗೆದ್ದ ಮಿಶಲ್ಲೋಂ ಕೊರೋನ ಮೊದಲ ಗುರು. ಆದರೆ ಅಕಾಡೆಮಿಯ ದೃಷ್ಟಿಯಲ್ಲಿ ಬಯಲಿನ ಚಿತ್ರ ಬರಿಯ ಅಭ್ಯಾಸ. ಪೌರಾಣಿಕ ಪಾತ್ರಗಳುಳ್ಳ ದೊಡ್ಡ ವರ್ಣಚಿತ್ರಕ್ಕೆ ಅದು ಕಚ್ಚಾ ಸಾಮಗ್ರಿ. ಬಂಡೆಯನ್ನು ಬಂಡೆಯಾಗಿ ತಿಳಿದುಕೊಳ್ಳುವುದಕ್ಕೆ ಗೆರೆಯೇ ತಕ್ಕ ಸಾಧನವಾಗಿತ್ತು.

ಸಾಧನದ ಮಾತು ಬಂದಾಗ ಪೆನ್ಸಿಲ್ಲಿನ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ನಾನು ತರಗತಿಯಲ್ಲಿ ಅದನ್ನು ಪ್ರತಿವರ್ಷ ಹೇಳುತ್ತಿದ್ದೆ. ಕ್ರಾಂತಿಯ ನಂತರದ ಯುದ್ಧದಿಂದ ಇಂಗ್ಲೆಂಡಿನ ಗ್ರಾಫೈಟ್ ಫ್ರಾನ್ಸಿಗೆ ಬರುವುದು ನಿಂತುಹೋದಾಗ, ನಿಕೊಲಾ-ಜಾಕ್ ಕೋಂತೆ ಎಂಬಾತ ಕಳಪೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಕುಲುಮೆಯಲ್ಲಿ ಸುಟ್ಟು ಕಡ್ಡಿಗಳನ್ನು ಮಾಡಿದ. 1795ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಮಣ್ಣು ಹೆಚ್ಚಿದರೆ ಕಡ್ಡಿ ಗಡುಸು, ಕಡಿಮೆಯಾದರೆ ಮೆದು. ನಮ್ಮ ಮಕ್ಕಳು ಅಂಗಡಿಯಲ್ಲಿ ಎಚ್‌ಬಿ, ಟೂಬಿ ಎಂದು ಕೇಳಿ ತರುವ ಪೆನ್ಸಿಲ್‌ಗಳೆಲ್ಲ ಆ ಮಿಶ್ರಣದ ಸಂತಾನವೇ. ಎಷ್ಟು ಬೇಕೋ ಅಷ್ಟು ಗಡುಸಾದ ಮೊನೆಯನ್ನು ಆರಿಸಿಕೊಳ್ಳುವ ಸೌಕರ್ಯ ಕೊರೋನ ಪೀಳಿಗೆಗೆ ಹೊಸದಾಗಿ ದೊರೆತಿತ್ತು.

ಆಮೇಲೆ ಬಂದದ್ದು ಕೊರೋ ನಡುವಯಸ್ಸು ದಾಟಿದ ಮೇಲೆ ಜೊತೆಯಲ್ಲಿಟ್ಟುಕೊಳ್ಳುತ್ತಿದ್ದ ಜೇಬುಪುಸ್ತಕಗಳಲ್ಲಿ ಒಂದು. ಪುಟಗಳನ್ನು ಸಿಬ್ಬಂದಿಯವರೇ ತಿರುವಿ ತೋರಿಸಿದರು. ಅಂಗೈಯಗಲದ ಹಾಳೆಯ ಮೇಲೆ ಅವಸರದ ಕೆಲವು ಗೀಚುಗಳು. ಅವುಗಳ ನಡುವೆ ಅಲ್ಲೊಂದು ಚಿಕ್ಕ ವೃತ್ತ, ಇಲ್ಲೊಂದು ಚಿಕ್ಕ ಚೌಕ. ಇದು ಕೊರೋ ತನಗಾಗಿ ಮಾಡಿಕೊಂಡ ಸಂಕೇತಲಿಪಿ: ದೃಶ್ಯದಲ್ಲಿ ಎಲ್ಲಕ್ಕಿಂತ ಬೆಳಕಾದ ಜಾಗಕ್ಕೆ ವೃತ್ತ, ಎಲ್ಲಕ್ಕಿಂತ ಕತ್ತಲಾದ ಜಾಗಕ್ಕೆ ಚೌಕ. ಮರ ಯಾವುದು, ಮನೆ ಯಾವುದು ಎಂಬುದಕ್ಕಿಂತ ಮೊದಲು ಬೆಳಕು ಎಲ್ಲಿ, ಕತ್ತಲೆ ಎಲ್ಲಿ ಎಂದು ಗುರುತು ಹಾಕಿಕೊಂಡ ಈ ಪುಟದ ಮುಂದೆ ನಾನು ಬಹಳ ಹೊತ್ತು ಕುಳಿತೆ. ನೆರಳನ್ನು ಕೊನೆಗೆ ಹಾಕಿಸುತ್ತಿದ್ದ ನನ್ನ ಮೂವತ್ತೊಂದು ವರ್ಷಗಳ ಪಾಠ ಅಲ್ಲಿ ತಲೆಕೆಳಗಾಗಿತ್ತು. ಈ ಪುಸ್ತಕಗಳು ಇಲ್ಲಿ ಉಳಿದಿರುವುದಕ್ಕೆ, ಕೊರೋನ ಅಪಾರ ಕೃತಿಗಳನ್ನು 1906ರಲ್ಲೂ ಮತ್ತೆ 1927ರ ಮರಣಶಾಸನದ ಮೂಲಕವೂ ದೇಶಕ್ಕೆ ಬಿಟ್ಟುಕೊಟ್ಟ ಎತಿಯೆನ್ ಮೊರೋ-ನೆಲಾತೋಂನಂತಹ ಸಂಗ್ರಾಹಕರನ್ನು ನೆನೆಯಬೇಕು.

ಎರಡನೆಯ ದಿನ, ಗುರುವಾರ: ಓರ್ಸೇ

1900ರ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ ರೈಲು ನಿಲ್ದಾಣವು 1986ರಲ್ಲಿ ಓರ್ಸೇ ವಸ್ತುಸಂಗ್ರಹಾಲಯವಾಯಿತು. ಗುರುವಾರ ಅದು ರಾತ್ರಿಯವರೆಗೂ ತೆರೆದಿರುತ್ತದೆ. ಜನಸಂದಣಿಯ ನಡುವೆ, ಫಾಂಟೆನ್‌ಬ್ಲೋ ಕಾಡಂಚಿನ ಬಾರ್ಬಿಜಾನ್ ಊರಿನಲ್ಲಿ ನೆಲೆಸಿದ್ದ ಚಿತ್ರಕಾರ ಮಿಲೇಯ ಪ್ರಾರ್ಥನಾಚಿತ್ರವನ್ನು ನೋಡಿದೆ: ಸಂಜೆಯ ಗಂಟೆ ಕೇಳಿ ಹೊಲದಲ್ಲಿ ತಲೆಬಾಗಿ ನಿಂತ ಗಂಡಹೆಂಡಿರು, ದೂರದ ದಿಗಂತದಲ್ಲಿ ಚರ್ಚಿನ ಗೋಪುರ. ಆ ಬಯಲನ್ನು ಶನಿವಾರ ಕಣ್ಣಾರೆ ನೋಡಲಿದ್ದೆನಾದ್ದರಿಂದ ಗೋಪುರದ ಜಾಗವನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡೆ.

ಕಾಗದದ ಮೇಲಿನ ಕೃತಿಗಳನ್ನು ಇಂತಹ ವಸ್ತುಸಂಗ್ರಹಾಲಯಗಳಲ್ಲಿ ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ ಕೆಲವೇ ತಿಂಗಳು ತೋರಿಸಿ, ಆಮೇಲೆ ದೀರ್ಘಕಾಲ ಪೆಟ್ಟಿಗೆಯ ಕತ್ತಲೆಗೆ ಹಿಂದಿರುಗಿಸುತ್ತಾರೆ. ಆ ಮಬ್ಬುಗತ್ತಲೆಗೆ ಕಣ್ಣು ಹೊಂದಿಕೊಳ್ಳಲು ಐದಾರು ನಿಮಿಷ ಬೇಕಾಯಿತು. ಮಿಲೇ ತನ್ನ ಕಪ್ಪು ಕ್ರೇಯಾನ್ ಮತ್ತು ಪಾಸ್ಟೆಲ್ ಚಿತ್ರಗಳಲ್ಲಿ ಮೊದಲು ಕಪ್ಪಿನಿಂದ ದೃಶ್ಯವನ್ನು ಕಟ್ಟಿ, ಅದರ ಮೇಲೆ ಬಿಡಿಬಿಡಿಯಾದ ಬಣ್ಣದ ಗೆರೆಗಳನ್ನು ಎಳೆಯುತ್ತಿದ್ದ. ನೆಲದ ಬಣ್ಣ ಬೇಕಾದಲ್ಲಿ ಕಾಗದವನ್ನೇ ಹಾಗೆಯೇ ಬಿಡುತ್ತಿದ್ದ. ಪ್ಯಾರಿಸ್ಸಿನ ವಾಸ್ತುಶಿಲ್ಪಿ ಎಮೀಲ್ ಗಾವೆ 1865ರಿಂದ ಮುಂದೆ ಕೆಲವು ವರ್ಷ ಇಂತಹ ಪಾಸ್ಟೆಲ್‌ಗಳನ್ನು ಮಿಲೇಯಿಂದ ಸತತವಾಗಿ ಬರೆಸಿಕೊಂಡ. ಮಿಲೇ ತೀರಿಕೊಂಡ ವರ್ಷವೇ, 1875ರ ಜೂನ್‌ನಲ್ಲಿ, ಆ ಸಂಗ್ರಹ ಈ ನಗರದ ದ್ರುಓ ಹರಾಜು ಭವನದಲ್ಲಿ ಮಾರಾಟಕ್ಕೆ ಬಂತು. ಆಗ ಇಲ್ಲಿ ಚಿತ್ರವ್ಯಾಪಾರದ ಅಂಗಡಿಯಲ್ಲಿ ನೌಕರನಾಗಿದ್ದ ಇಪ್ಪತ್ತೆರಡರ ವಿನ್ಸೆಂಟ್ ವ್ಯಾನ್ ಗೋ ಅದನ್ನು ನೋಡಲು ಹೋಗಿ, ಪವಿತ್ರ ನೆಲದ ಮೇಲೆ ನಿಂತಿರುವೆ, ಪಾದರಕ್ಷೆ ಕಳಚಬೇಕು ಎಂಬ ಭಾವ ತನಗೆ ಬಂದಿತೆಂದು ತಮ್ಮನಿಗೆ ಪತ್ರ ಬರೆದ. ಬೈಬಲ್ಲಿನಿಂದ ಬಂದ ಮಾತು ಅದು. ಆದರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಡುವ ಅಭ್ಯಾಸದಲ್ಲಿ ಬೆಳೆದ ನನಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮೂರನೆಯ ದಿನ, ಶುಕ್ರವಾರ: ಫಾಂಟೆನ್‌ಬ್ಲೋ ಕಾಡು

ಲಿಯೋಂ ನಿಲ್ದಾಣದಿಂದ ಹೊರಟ ರೈಲು ಮುಕ್ಕಾಲು ಗಂಟೆಯೊಳಗೆ ಫಾಂಟೆನ್‌ಬ್ಲೋ ತಲುಪಿತು. ಈ ಹಳಿ ಬಂದದ್ದು 1849ರಲ್ಲಿ. ಅದಕ್ಕೆ ಮೊದಲು ಕಲಾವಿದರು ಕುದುರೆಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಬರುತ್ತಿದ್ದರು. ಕೊರೋ ಇಟಲಿಗೆ ಹೋಗುವ ಮುಂಚೆಯೇ, 1822ರ ಸುಮಾರಿಗೆ, ಇಲ್ಲಿ ಬರೆಯತೊಡಗಿದ್ದ.

ಫ್ರಾಂಶಾರ್ ಕಮರಿಯತ್ತ ನಡೆದೆವು. ಬಂಡೆಗಳ ಮೇಲೆ ಅಲ್ಲಲ್ಲಿ ನೀಲಿ ಬಣ್ಣದ ಗುರುತುಗಳಿವೆ. ನೆಪೋಲಿಯನ್ನನ ಸೈನ್ಯದಲ್ಲಿದ್ದ ಕ್ಲೋದ್-ಫ್ರಾಂಸ್ವಾ ದೆನೆಕೂರ್ ಎಂಬಾತ 1842ರಿಂದ ಈ ಕಾಡಿನಲ್ಲಿ ನಡಿಗೆದಾರಿಗಳನ್ನು ರೂಪಿಸಿ ನೀಲಿ ಬಾಣಗಳಿಂದ ಗುರುತು ಮಾಡಿದ. ಇಂದಿಗೂ ಜನ ಆ ದಾರಿಗಳಲ್ಲೇ ನಡೆಯುತ್ತಾರೆ. ನೆಲವೆಲ್ಲ ನುಣುಪಾದ ಬಿಳಿ ಮರಳು, ಅದರ ಮೇಲೆ ಆನೆಗಳು ಮಲಗಿದಂತೆ ಬೂದು ಮರಳುಗಲ್ಲಿನ ಗುಂಡುಗಳು. ಬೆನ್ನಿಗೆ ದಪ್ಪ ಚಾಪೆ ಕಟ್ಟಿಕೊಂಡ ಯುವಕ ಯುವತಿಯರು ಆ ಗುಂಡುಗಳನ್ನು ಹಗ್ಗವಿಲ್ಲದೆ ಹತ್ತುತ್ತಿದ್ದರು. ಒಂದು ಕಾಲದಲ್ಲಿ ಈ ಕಲ್ಲನ್ನು ಒಡೆದು ಪ್ಯಾರಿಸ್ಸಿನ ಬೀದಿಗಳಿಗೆ ಹಾಸಿದ್ದಾರೆ.

ಮಧ್ಯಾಹ್ನ ಒಂದು ಬಂಡೆಯ ಎದುರು ಕುಳಿತು ಗಡುಸು ಪೆನ್ಸಿಲ್ಲಿನಿಂದ ಬರೆದೆ. ಬಂಡೆ ಸುಲಭವಾಗಿ ಒಲಿಯಿತು: ಅದಕ್ಕೆ ಅಂಚಿದೆ, ಬಿರುಕಿದೆ, ಗೆರೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಬೇಕೆಂದು ಅದೇ ಹೇಳುತ್ತದೆ. ಅದರ ಹಿಂದಿನ ಬರ್ಚ್ ಮರಗಳಿಗೆ ಕೈಹಾಕಿದಾಗ ತೊಂದರೆ ಶುರುವಾಯಿತು. ಹಳದಿಗೆ ತಿರುಗಿದ ಎಲೆಗಳು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಎಲೆಯ ಗುಂಪು ಮುಗಿದು ಆಕಾಶ ಶುರುವಾಗುವ ಅಂಚೇ ಅಲ್ಲಿರಲಿಲ್ಲ, ಎಲೆಯೊಳಗೆ ಆಕಾಶ ಹರಡಿತ್ತು. ನಾನು ಮಕ್ಕಳಿಗೆ ಹಾಕಿಸುತ್ತಿದ್ದ ಸುತ್ತುಗೆರೆಯನ್ನು ಹಾಕಿ ನೋಡಿದೆ; ಹಾಳೆಯ ಮೇಲೆ ತಗಡಿನ ಮರ ನಿಂತಿತು.

ಆಗ ಇದ್ದಿಲನ್ನು ತೆಗೆದೆ. ಚಿತ್ರ ಬರೆಯುವ ಇದ್ದಿಲಿಗೆ ಫ್ರೆಂಚಿನಲ್ಲಿ ಫ್ಯೂಜ಼ಾಂ ಎಂದು ಹೆಸರು. ಅದು ಒಂದು ಪೊದೆಯ ಹೆಸರೂ ಹೌದು. ಅದರ ತೆಳು ಕಡ್ಡಿಗಳನ್ನು ಗಾಳಿಯಾಡದಂತೆ ಮುಚ್ಚಿದ ಪಾತ್ರೆಯಲ್ಲಿಟ್ಟು ಕಾಯಿಸಿದರೆ ಉರಿಯದೆ ಕರಿದಾಗುತ್ತವೆ. ಹಿಂದಿನ ಶತಮಾನಗಳಲ್ಲಿ ಇದ್ದಿಲು ಕೇವಲ ಕರಡು ಗುರುತಿಗೆ ಬಳಕೆಯಾಗುತ್ತಿತ್ತು, ಏಕೆಂದರೆ ಕೈ ತಾಗಿದರೆ ಉದುರಿಹೋಗುತ್ತಿತ್ತು. ಮದ್ಯಸಾರದಲ್ಲಿ ಅರಗನ್ನು ಕರಗಿಸಿ, ಸಣ್ಣ ನಳಿಕೆಯಿಂದ ಊದಿ ಸಿಂಪಡಿಸಿ ಅದನ್ನು ಕಾಗದಕ್ಕೆ ಕಚ್ಚಿಸುವ ವಿಧಾನ ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಮೇಲೆಯೇ ಇದ್ದಿಲಿನ ನಿಸರ್ಗಚಿತ್ರವು ಮುಗಿದ ಕೃತಿಯಾಗಿ ಚೌಕಟ್ಟು ಸೇರಿತು. ಮಾಕ್ಸೀಮ್ ಲಾಲಾನ್‌ನಂತಹವರು ಅದರಲ್ಲಿಯೇ ಹೆಸರು ಮಾಡಿದರು. ಆ ಕಾಲದಲ್ಲಿ ಯುರೋಪಿಗೆ ಅರಗು ಹೋಗುತ್ತಿದ್ದುದು ಮುಖ್ಯವಾಗಿ ಭಾರತದಿಂದ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗೇ ಈ ಕಾಡಿನ ಮಂಜನ್ನೂ ಹಾಳೆಯ ಮೇಲೆ ಹಿಡಿದಿಟ್ಟಿದೆ ಎಂದು ತಮ್ಮನ ಮಗಳಿಗೆ ಹೇಳಿದಾಗ ಆಕೆ ತನ್ನ ಟಿಪ್ಪಣಿ ಪುಸ್ತಕ ತೆಗೆದು ಅದನ್ನು ಬರೆದುಕೊಂಡಳು.

ಇದ್ದಿಲಿನ ಕಡ್ಡಿಯನ್ನು ಅಡ್ಡ ಮಲಗಿಸಿ ಎಳೆದೆ, ಬೆರಳಿನಿಂದ ಹರಡಿದೆ, ಆಮೇಲೆ ಇಲ್ಲಿನ ಹಳೆಯ ಪದ್ಧತಿಯಂತೆ ಬ್ರೆಡ್ಡಿನ ಒಳಗಿನ ಮೆದುಭಾಗವನ್ನು ಉಂಡೆ ಮಾಡಿ ಒತ್ತಿ, ಆಕಾಶ ಇಣುಕಬೇಕಾದ ಜಾಗಗಳಲ್ಲಿ ಕಪ್ಪನ್ನು ಎತ್ತಿದೆ. ಚಿತ್ರ ಸಾಧಾರಣವಾಗಿಯೇ ಬಂತು. ಆದರೆ ಎಲೆಗಳ ನಡುವೆ ಗಾಳಿ ಇತ್ತು. ಗೆರೆಯನ್ನು ಕರಗಿಸಿದ್ದರಲ್ಲಿ ಈ ಕಾಡಿನ ಪಾಲೂ ಇದೆಯೆಂದು ನಾನು ಅಂದಿನಿಂದ ನಂಬಿದ್ದೇನೆ. ಚಿವಿತಾ ಕಾಸ್ಟೆಲ್ಲಾನಾದ ಬಂಡೆ ಗೆರೆಯನ್ನು ಬೇಡಿತ್ತು, ಇಲ್ಲಿನ ಎಲೆ ಅದನ್ನು ಒಪ್ಪಲಿಲ್ಲ.

ನಾಲ್ಕನೆಯ ದಿನ, ಶನಿವಾರ: ಬಾರ್ಬಿಜಾನ್ ಮತ್ತು ಶಾಯಿ

ಬಾರ್ಬಿಜಾನ್‌ಗೆ ರೈಲಿಲ್ಲ, ಟ್ಯಾಕ್ಸಿಯಲ್ಲಿ ಹೋದೆವು. ಒಂದೇ ಉದ್ದನೆಯ ಬೀದಿಯ ಊರು, ಒಂದು ತುದಿಯಲ್ಲಿ ಹೊಲ, ಇನ್ನೊಂದು ತುದಿಯಲ್ಲಿ ಕಾಡು. 1830ರ ದಶಕದಲ್ಲಿ ಗಾನ್ ದಂಪತಿಗಳು ನಡೆಸತೊಡಗಿದ ಖಾನಾವಳಿಯಲ್ಲಿ ಕಲಾವಿದರು ತಂಗುತ್ತಿದ್ದರು. ಮಳೆ ಬಂದು ಕಾಡಿಗೆ ಹೋಗಲಾಗದ ದಿನಗಳಲ್ಲಿ ಅಲ್ಲಿನ ಬಾಗಿಲು, ಗೋಡೆ, ಕಪಾಟುಗಳ ಮೇಲೆಲ್ಲ ಚಿತ್ರ ಬರೆದರು. ಅದೀಗ ವಸ್ತುಸಂಗ್ರಹಾಲಯ. ಆ ಮನೆಯ ಮಗಳನ್ನು 1859ರಲ್ಲಿ ಮದುವೆಯಾದ ಛಾಯಾಗ್ರಾಹಕ ಯೂಜೆನ್ ಕ್ಯುವೆಲಿಯೇ ಇಲ್ಲಿನವರಿಗೆ ವಿಚಿತ್ರವಾದ ಒಂದು ವಿಧಾನವನ್ನು ತಿಳಿಸಿಕೊಟ್ಟ. ಗಾಜಿನ ಫಲಕಕ್ಕೆ ಬೆಳಕು ದಾಟದ ಲೇಪ ಬಳಿದು, ಅದರ ಮೇಲೆ ಮೊನೆಯಿಂದ ಗೀಚಿ ಚಿತ್ರ ಬರೆದು, ಫೋಟೊ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಗೀಚಿದ ಕಡೆಯೆಲ್ಲ ಕಪ್ಪು ಮೂಡುತ್ತದೆ. ಕ್ಲಿಶೆ-ವೆರ್ ಎಂಬ ಇದನ್ನು ಕೊರೋ 1853ರಲ್ಲಿ ಆರಾಸ್ ನಗರದ ಗೆಳೆಯರಿಂದ ಮೊದಲೇ ಕಲಿತಿದ್ದ. ಬೆಳಕಿನಿಂದಲೇ ಅಚ್ಚಾಗುವ ರೇಖಾಚಿತ್ರವನ್ನು ಕೊರೋನಂತಹ ಮನುಷ್ಯ ಅಷ್ಟು ಪ್ರೀತಿಯಿಂದ ಕೈಗೆತ್ತಿಕೊಂಡದ್ದು ಸಹಜವೇ ಆಗಿದೆ.

ತೆಯೊಡೋರ್ ರೂಸೋನ ಮನೆ ಹತ್ತಿರದಲ್ಲೇ ಇದೆ. (ತತ್ತ್ವಜ್ಞಾನಿ ರೂಸೋ ಬೇರೆ, ಈತ ಬೇರೆ.) 1836ರಿಂದ 1841ರವರೆಗೆ ಪ್ಯಾರಿಸ್ಸಿನ ಸಲೋನ್ ಪ್ರದರ್ಶನ ಈತನ ಚಿತ್ರಗಳನ್ನು ಸತತವಾಗಿ ತಿರಸ್ಕರಿಸಿತು, ಕಾಡು ತಿರಸ್ಕರಿಸಲಿಲ್ಲ. ಕೊರೋನಂತೆ ಈತ ಗೆರೆಯನ್ನು ಬಿಟ್ಟುಕೊಡಲಿಲ್ಲ. ಒಂದೊಂದು ಓಕ್ ಮರವನ್ನೂ ಮನುಷ್ಯನ ಮುಖದಂತೆ ಗುರುತಿಸಿ, ಲೇಖನಿಯ ಮೊನೆಯಿಂದ ಸಾವಿರಾರು ಚಿಕ್ಕ ಚುಕ್ಕೆ ಮತ್ತು ಕೊಕ್ಕೆಗಳನ್ನು ಹಾಕುತ್ತ ಹೋದ. ಹತ್ತಿರದಿಂದ ನೋಡಿದರೆ ಗೆರೆಗಳು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಛಾಯೆ. ಕೊರೋನ ಹಾದಿಯಷ್ಟೇ ದೊಡ್ಡದು ಈ ಹಾದಿ ಎಂಬುದು ನನ್ನ ಅಭಿಪ್ರಾಯ, ಮತ್ತು ಇದಕ್ಕೆ ಬೇಕಾದ ತಾಳ್ಮೆ ಇನ್ನೂ ಹೆಚ್ಚಿನದು.

ಮರಗಳನ್ನು ಹೀಗೆ ಒಂದೊಂದಾಗಿ ಬಲ್ಲವನಿಗೆ ಅವು ಉರುಳುವುದನ್ನು ನೋಡುತ್ತ ಕೂರಲಾಗಲಿಲ್ಲ. ಹಳೆಯ ಓಕ್‌ಗಳನ್ನು ಕಡಿದು, ಬೇಗ ಬೆಳೆಯುವ ಪೈನ್ ನೆಡುವ ಕೆಲಸ ಆಗ ನಡೆದಿತ್ತು. 1847ರಲ್ಲಿ ರೂಸೋ ಮರ ಕಡಿಯುವ ದೃಶ್ಯವೊಂದನ್ನು ಆರಂಭಿಸಿ ಅದಕ್ಕೆ 'ಮುಗ್ಧರ ಹತ್ಯೆ' ಎಂದು ಹೆಸರಿಟ್ಟ. ಮುಗಿಯದೆ ಉಳಿದ ಆ ಚಿತ್ರ ಈಗ ಹೇಗ್ ನಗರದಲ್ಲಿದೆ. 1852ರಲ್ಲಿ ಮೊರ್ನಿ ಎಂಬ ಪ್ರಭಾವಿಯ ಮೂಲಕ ಪ್ರಭುತ್ವಕ್ಕೆ ಮನವಿ ಸಲ್ಲಿಸಿದ. ಮರುವರ್ಷ 624 ಹೆಕ್ಟೇರ್ ಕಾಡನ್ನು ಕಡಿಯದೆ ಬಿಡುವ ತೀರ್ಮಾನವಾಯಿತು. 1861ರಲ್ಲಿ ಮೂರನೆಯ ನೆಪೋಲಿಯನ್ನನ ಆಜ್ಞೆ 1,097 ಹೆಕ್ಟೇರ್‌ಗಳನ್ನು ಕಲಾವಿದರಿಗಾಗಿ ಮೀಸಲಿಟ್ಟಿತು. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನ ಘೋಷಣೆಯಾದದ್ದು ಅದಾಗಿ ಹನ್ನೊಂದು ವರ್ಷಗಳ ಮೇಲೆ. ಬೀದಿಯ ಕೊನೆಯಲ್ಲಿ ಕಾಡು ಶುರುವಾಗುವ ಬಾ-ಬ್ರೆಯೋ ಭಾಗದ ದೊಡ್ಡ ಓಕ್‌ಗಳ ಕೆಳಗೆ ನಿಂತಾಗ, ಒಂದು ಊರಿನ ಚಿತ್ರಕಾರರು ತಾವು ಬರೆದ ಮರಗಳಿಗಾಗಿ ಹೋರಾಡಿ ಗೆದ್ದರೆಂಬ ಸಂಗತಿ ನನ್ನ ಕಣ್ಣನ್ನು ತೇವಗೊಳಿಸಿತು. ಅಲ್ಲಿಯೇ ಒಂದು ಬಂಡೆಯ ಮೇಲೆ ಆನ್ರಿ ಶಾಪು ಎರಕ ಹೊಯ್ದ ಕಂಚಿನ ಫಲಕದಲ್ಲಿ ರೂಸೋ ಮತ್ತು ಮಿಲೇ ಅಕ್ಕಪಕ್ಕ ಇದ್ದಾರೆ. ಅದನ್ನು 1884ರಲ್ಲಿ ಕೂರಿಸಿದರು.

ಮಿಲೇ ಇಲ್ಲಿಗೆ ಬಂದದ್ದು 1849ರಲ್ಲಿ, ಪ್ಯಾರಿಸ್ಸಿನಲ್ಲಿ ಕಾಲರಾ ಹಬ್ಬಿದ್ದಾಗ, ಹೆಂಡತಿ ಮಕ್ಕಳೊಡನೆ. ನಾರ್ಮಂಡಿಯ ರೈತ ಕುಟುಂಬದ ಈತ ಕಾಡಿಗಿಂತ ಹೆಚ್ಚಾಗಿ ಊರಿನ ಇನ್ನೊಂದು ತುದಿಯ ಬಯಲಿಗೆ ಮುಖಮಾಡಿದ. ಸಂಜೆ ನಾವೂ ಆ ಬಯಲಿನ ದಾರಿಯಲ್ಲಿ ಎರಡು ಕಿಲೋಮೀಟರ್ ದೂರದ ಊರಿಗೆ ನಡೆದೆವು. ಆ ಊರಿನ ಹೆಸರು ಕನ್ನಡದಲ್ಲಿ ಬರೆದರೆ ಶಾಯಿ ಎಂದೇ ಆಗುತ್ತದೆ; ಚಿತ್ರ ಬರೆಯುವವನಿಗೆ ಅದಕ್ಕಿಂತ ಆಪ್ತವಾದ ಊರ ಹೆಸರು ಸಿಗಲಾರದು. ಕೊಯ್ಲು ಮುಗಿದು ಉತ್ತ ಹೊಲಗಳು ದಿಗಂತದವರೆಗೂ ಚಾಚಿದ್ದವು. ಅಲ್ಲಿ ಬರೆಯಲು ಏನೂ ಇರಲಿಲ್ಲ: ಅಡ್ಡಲಾಗಿ ಒಂದು ದಿಗಂತ, ಅದರಾಚೆ ಆ ಗೋಪುರ, ಕೆಲವು ಕಾಗೆಗಳು. ಮುಕ್ಕಾಲು ಹಾಳೆಯನ್ನು ಖಾಲಿ ಬಿಡುವ ಧೈರ್ಯ ಮಿಲೇಗೆ ಎಲ್ಲಿಂದ ಬಂತೆಂಬುದು ಅಲ್ಲಿ ತಿಳಿಯಿತು. ಬಯಲೇ ಅಷ್ಟನ್ನು ಖಾಲಿ ಬಿಟ್ಟಿತ್ತು. 1866ರಿಂದ ಮೂರು ಬೇಸಿಗೆ ಹೆಂಡತಿಯ ಚಿಕಿತ್ಸೆಗೆಂದು ವಿಶೀಗೆ ಹೋದಾಗ ಬರೆದ ಚಿಕ್ಕ ಚಿಕ್ಕ ಲೇಖನಿ ಚಿತ್ರಗಳಲ್ಲಿಯೂ ಮಿಲೇ ಇದೇ ಕಣ್ಣನ್ನು ಜೊತೆಗೆ ಒಯ್ದಿದ್ದ.

ಊರಿನ ಸ್ಮಶಾನದಲ್ಲಿ 1867ರ ಡಿಸೆಂಬರ್‌ನಲ್ಲಿ ತೀರಿಕೊಂಡ ರೂಸೋನ ಸಮಾಧಿಯೂ 1875ರ ಜನವರಿಯಲ್ಲಿ ತೀರಿಕೊಂಡ ಮಿಲೇಯ ಸಮಾಧಿಯೂ ಇವೆ. ಮಿಲೇ ಸತ್ತ ಸುದ್ದಿ ತಿಳಿದ ಕೊರೋ ಆತನ ಹೆಂಡತಿಗೆ ಹತ್ತು ಸಾವಿರ ಫ್ರಾಂಕ್ ಕಳುಹಿಸಿದ. ಸುಮಾರು ಒಂದು ತಿಂಗಳಿನಲ್ಲಿ ತಾನೂ ಹೊರಟುಹೋದ.

ಐದನೆಯ ದಿನ, ಭಾನುವಾರ: ವಿಲ್-ದಾವ್ರೇ

ಕೊನೆಯ ದಿನವನ್ನು ಕೊರೋಗಾಗಿ ಉಳಿಸಿಕೊಂಡಿದ್ದೆ. ಸಾಂ-ಲಾಜಾರ್ ನಿಲ್ದಾಣದಿಂದ ಮುಂಜಾನೆಯ ಮೊದಲ ರೈಲುಗಳಲ್ಲೊಂದನ್ನು ಹಿಡಿದು, ಇಳಿದ ಮೇಲೆ ಇಳಿಜಾರಿನ ಬೀದಿಗಳಲ್ಲಿ ನಡೆದು ಕೆರೆಗಳ ಬಳಿ ಬಂದೆವು. ಕೊರೋನ ತಂದೆತಾಯಿ 1817ರಲ್ಲಿ ಇಲ್ಲಿ ಮನೆ ಕೊಂಡರು. ಆತ ಜೀವನದುದ್ದಕ್ಕೂ ಮತ್ತೆ ಮತ್ತೆ ಈ ನೀರಿನ ಬಳಿಗೆ ಬಂದ. ಮುದಿವಯಸ್ಸಿನ ಇದ್ದಿಲಿನ ಚಿತ್ರಗಳಲ್ಲಿ ಬರುವ ತೆಳು ಮರಗಳು, ಬೂದು ನೀರು, ದೋಣಿಯವನ ಚುಕ್ಕೆಯಂತಹ ಆಕೃತಿ, ಇವೆಲ್ಲವುಗಳ ಹಿಂದೆ ಎಲ್ಲೋ ಈ ಜಾಗವಿದೆ. ದಂಡೆಯ ಮೇಲೆ 1880ರಲ್ಲಿ ನಿಲ್ಲಿಸಿದ ಆತನ ಸ್ಮಾರಕವೂ ಇದೆ.

ಆ ಹೊತ್ತಿಗೆ ಮಂಜು ಇನ್ನೂ ಎದ್ದಿರಲಿಲ್ಲ. ಎದುರು ದಂಡೆಯ ಮರಗಳು ಎಲ್ಲಿ ಮುಗಿದು ನೀರಿನಲ್ಲಿನ ಅವುಗಳ ಬಿಂಬ ಎಲ್ಲಿ ಆರಂಭವಾಗುತ್ತದೆ ಎಂದು ಹೇಳುವುದಕ್ಕೆ ಆಗುತ್ತಿರಲಿಲ್ಲ. ನಾನು ಹುಡುಕಿದರೂ ಒಂದು ಗೆರೆ ಕಾಣಲಿಲ್ಲ. ಪುಸ್ತಕ ತೆರೆದು ಪೆನ್ಸಿಲ್ ಹಿಡಿದೆ. ಮೋಡದ ಹಿಂದಿನಿಂದ ಸೂರ್ಯ ಬರುತ್ತಿದ್ದ ಕಡೆ, ನೀರಿನ ನಡುವೆ, ಒಂದು ಚಿಕ್ಕ ವೃತ್ತ ಹಾಕಿದೆ. ಎಡದಂಡೆಯ ಪೊದೆಯ ಬುಡಕ್ಕೆ ಒಂದು ಚೌಕ. ಅವೆರಡರ ನಡುವಿನದನ್ನೆಲ್ಲ ಅಳೆಯುತ್ತ ಕುಳಿತೆ: ದೂರದ ಮರ ಚೌಕಕ್ಕೆ ಎಷ್ಟು ಹತ್ತಿರ, ಹತ್ತಿರದ ನೀರು ವೃತ್ತಕ್ಕೆ ಎಷ್ಟು ದೂರ.

"ಮರಾ ಎಲ್ಲದ ದೊಡ್ಡಪ್ಪಾ?" ಎಂದು ತಮ್ಮನ ಮಗಳು ಹಾಳೆಯ ಮೇಲೆ ಬಗ್ಗಿ ಕೇಳಿದಳು.

"ಇನ್ನೂ ಬಂದಿಲ್ಲವ್ವಾ, ಸ್ವಲ್ಪ ತಡಿ" ಎಂದೆ. ಆಕೆ ನನ್ನ ಪಕ್ಕದಲ್ಲಿ ಕುಳಿತಳು. ಚೌಕದ ಸುತ್ತ ಕಪ್ಪನ್ನು ಹರಡತೊಡಗಿದೆ.